ಮೊಳಕಾಲ್ಮೂರಿನ ಮತ್ತಿನ ಡಾಕ್ಟರಮ್ಮ

ಬಸ್ಸಿನಲ್ಲಿ ನಿದ್ದೆ ಹೋದವರ ಉಸಿರು ನೋಡುತ್ತ ಕೂರುವುದು ಸುಲೋಚನಾ ಡಾಕ್ಟರ ಚಟ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವ ಖಾಸಗಿ ಬಸ್ಸಿನಲ್ಲಿ ಡ್ರೈವರನ ಪಕ್ಕದ ಅಡ್ಡ ಸೀಟು ಅವರಿಗೇ ಮೀಸಲು. ಅಲ್ಲಿ ಕೂತರೆ ಇಡೀ ಬಸ್ಸು ಕಾಣುತ್ತದೆ. ಕಿಟಕಿಯಾಚೆ ಹೊಲವಿದೆಯೋ ಗುಡ್ಡವಿದೆಯೋ ಅವರಿಗೆ ಸಂಬಂಧವಿಲ್ಲ. ಬಾಯಿ ತೆರೆದು ತೂಕಡಿಸುವವರ ಎದೆ ಏರಿತೇ, ಇಳಿಯಿತೇ ಎಂದು ನೋಡುವುದು, ಸರಿಯಿದೆ ಎನ್ನಿಸಿದರೆ ಮುಂದಿನವರ ಮೇಲೆ ಕಣ್ಣು ಹಾಯಿಸುವುದು. ಊರು ಬರುವವರೆಗೂ ಇದೇ ಕೆಲಸ.

ನನಗೂ ಅವರಿಗೂ ಪರಿಚಯವಾದದ್ದು ಈ ಚಟದಿಂದಲೇ. ಚಳ್ಳಕೆರೆಯಲ್ಲಿ ನನ್ನದು ಶೇಂಗಾ ಎಣ್ಣೆಯ ಅಂಗಡಿ. ದೇವಸಮುದ್ರ, ಮೊಳಕಾಲ್ಮೂರಿನ ಕಿರಾಣಿ ಅಂಗಡಿಗಳಿಗೆ ಹೋಗಿ ಆರ್ಡರ್ ಹಿಡಿದು ಮಧ್ಯಾಹ್ನದ ಬಸ್ಸಿಗೆ ವಾಪಸು ಬರುವುದು ನನ್ನ ರೂಢಿ. ಹಾಗೊಮ್ಮೆ ಊಟ ಮಾಡಿ ಬಸ್ಸು ಹತ್ತಿದವನು ಕೂತಲ್ಲೇ ನಿದ್ದೆ ಹೋಗಿದ್ದೆ. ಭುಜದ ಮೇಲೆ ದಬ್ ಎಂದು ಏಟು ಬಿತ್ತು.

“ರೀ, ಉಸಿರು ಬಿಡ್ರೀ!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ರೇಷ್ಮೆ ಸೀರೆಯುಟ್ಟ, ಕುಳ್ಳಗಿನ, ಕನ್ನಡಕದ ಹೆಂಗಸೊಬ್ಬಳು ನನ್ನ ಮುಂದೆ ನಿಂತಿದ್ದಳು. ನಾನು ಮೊದಲೇ ಮುಂಗೋಪಿ.

“ಯಾಕ್ರೀ ಹೊಡೀತೀರಾ? ನಾನೇನು ಸತ್ತೋಗಿದ್ನಾ?”

“ಸತ್ತಿರ್ಲಿಲ್ಲ. ಗೊರಕೆ ಹೊಡೀತಾ ಹೊಡೀತಾ ಉಸಿರು ನಿಲ್ಲಿಸ್ಬಿಟ್ರಿ. ನನ್ನ ಕೈ ಸುಮ್ನಿರ್ಲಿಲ್ಲ.” ನನ್ನ ಕೈಚೀಲದಲ್ಲಿದ್ದ ಎಣ್ಣೆಯ ಸ್ಯಾಂಪಲ್ ಬಾಟಲಿ ನೋಡಿದರು, ನನ್ನ ಹೊಟ್ಟೆ ನೋಡಿದರು. “ಎಣ್ಣೆ ಮಾರ್ತೀರೋ, ಕುಡೀತೀರೋ? ತೂಕ ಇಳಿಸ್ರಿ ಸಾಹುಕಾರ್ರೇ.”

ಹಿಂದಿನ ಸೀಟಿನವರೆಲ್ಲ ಕಿಸಕ್ಕನೆ ನಕ್ಕರು. ನನಗೆ ಮೈ ಉರಿದುಹೋಯಿತು. ಚಳ್ಳಕೆರೆ ಬರುವವರೆಗೂ ಕಣ್ಣು ಬಿಟ್ಟುಕೊಂಡೇ ಕೂತೆ. ಹಟಕ್ಕೆ. ಇಳಿದ ಮೇಲೆ ಕಂಡಕ್ಟರನನ್ನು ಕೇಳಿದರೆ, “ಅಯ್ಯೋ, ಅವರು ಮತ್ತಿನ ಡಾಕ್ಟರಮ್ಮ ಅಲ್ವಾ ಸಾರ್? ನನ್ನನ್ನೂ ಎರಡು ಸಲ ಬಡಿದು ಎಬ್ಬಿಸಿದಾರೆ” ಎಂದ.

ಪುಸ್ತಕದ ಕನ್ನಡದಲ್ಲಿ ಅವರ ಕೆಲಸಕ್ಕೆ ಅರಿವಳಿಕೆ ತಜ್ಞೆ ಎನ್ನುತ್ತಾರೆ. ಆ ಮಾತು ನಮ್ಮ ಕಡೆ ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಚಳ್ಳಕೆರೆಯಲ್ಲಿ ಎಲ್ಲಿ ಆಪರೇಶನ್ ಇದ್ದರೂ ಇವರಿಗೆ ಫೋನ್ ಹೋಗುತ್ತಿತ್ತು. ಬಂದು ರೋಗಿಗೆ ಮತ್ತು ಕೊಟ್ಟು, ಆಪರೇಶನ್ ಮುಗಿಯುವವರೆಗೆ ಉಸಿರು ಕಾದು, ಎಬ್ಬಿಸಿ, ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಬಸ್ಸು ಹತ್ತುತ್ತಿದ್ದರು. ರೋಗಿಗೆ ಪೂರ್ತಿ ಎಚ್ಚರವಾಗಿ ಕೈಮುಗಿಯುವ ಹೊತ್ತಿಗೆ ಎದುರಿಗೆ ಇರುತ್ತಿದ್ದವರು ಹೊಟ್ಟೆ ಕೊಯ್ದ ಡಾಕ್ಟರು. ಹಣ್ಣಿನ ಬುಟ್ಟಿ, ಶಾಲು ಎಲ್ಲ ಅವರಿಗೆ. “ನನಗೆ ಮೆಣಸಿನಕಾಯಿ ಸಾಕು. ಖಾರ ಹತ್ತಿದ್ರೆ ನಾನು ಎಚ್ಚರವಾಗಿದೀನಿ ಅಂತ ಗೊತ್ತಾಗ್ತದೆ” ಎನ್ನುತ್ತಿದ್ದರು.

ರೇಷ್ಮೆ ಸೀರೆಯ ಕತೆ ಆಮೇಲೆ ತಿಳಿಯಿತು. ಅವರದು ಮೊಳಕಾಲ್ಮೂರಿನ ನೇಕಾರರ ಮನೆ. ಅಣ್ಣ ಈಗಲೂ ಮಗ್ಗ ನಡೆಸುತ್ತಾನೆ. ನೇಯುವಾಗ ತಪ್ಪು ಬಿದ್ದು ಮಾರಾಟಕ್ಕೆ ಆಗದ ಸೀರೆಗಳನ್ನೆಲ್ಲ ಇವರು ಹೊತ್ತುಕೊಂಡು ಬಂದು ದಿನಾ ಉಡುತ್ತಿದ್ದರು. ಪರಿಚಯ ಸ್ವಲ್ಪ ಹಳೆಯದಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಸೆರಗು ಹಿಡಿದು ತೋರಿಸಿದರು. ಸಾಲಾಗಿ ಗಿಳಿಗಳು. ಒಂದು ಗಿಳಿಗೂ ಕೊಕ್ಕಿಲ್ಲ!

“ಮಗ್ಗದ ಮೇಲೆ ತೂತು ಹೊಡೆದ ರಟ್ಟು ತೂಗು ಹಾಕಿರ್ತಾರಲ್ಲ, ಆ ತೂತು ನೋಡ್ಕೊಂಡೇ ಮಗ್ಗ ಯಾವ ಎಳೆ ಎತ್ತಬೇಕು ಅಂತ ತಿಳ್ಕೊಳ್ಳೋದು. ನಮ್ಮಣ್ಣ ಒಂದು ತೂತು ತಪ್ಪು ಜಾಗಕ್ಕೆ ಹೊಡೆದ. ಒಂದೇ ಒಂದು. ಅಷ್ಟೂ ಗಿಳಿ ಮೂತಿ ಇಲ್ದೆ ಹುಟ್ಟಿದ್ವು ಪಾಪ” ಎಂದು ಆ ಗಿಳಿಗಳನ್ನು ಸವರಿದರು.

ಅವರನ್ನು ನಾನು ಸರಿಯಾಗಿ ಅರಿತದ್ದು ನಮ್ಮವ್ವನಿಗೆ ಹೊಟ್ಟೆನೋವು ಬಂದಾಗ. ಪಿತ್ತಕೋಶದಲ್ಲಿ ಕಲ್ಲು. ನೋವು ಹೆಚ್ಚಾಗಿ, ಜ್ವರವೂ ಸೇರಿಕೊಂಡು, ತಡ ಮಾಡುವ ಹಾಗಿಲ್ಲ ಎಂದರು. ಚಳ್ಳಕೆರೆಯಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಸೇರಿಸಿದೆವು. ಮರುದಿನ ಆಪರೇಶನ್.

ನಮ್ಮ ಬಳಗದ ಕತೆ ಹೇಳುವುದೇ ಬೇಡ. ಒಬ್ಬರು ಆಸ್ಪತ್ರೆ ಸೇರಿದರೆ ಮದುವೆಗೆ ಬಂದಷ್ಟು ಜನ ಬರುತ್ತಾರೆ. ಎಳನೀರು, ಬನ್ನು, ಬ್ರೆಡ್ಡು ಹಿಡಿದು ಮಂಚದ ಸುತ್ತ ತುಂಬಿಕೊಂಡು, ರೋಗಿಯ ಕಾಲ ಬಳಿಯೇ ಕೂತು, ರೋಗಿಗೆ ತಂದ ಬನ್ನನ್ನು ತಾವೇ ತಿನ್ನುತ್ತಾರೆ. ನನ್ನಿವಾಳದಿಂದ ಅವ್ವನ ತಂಗಿ, ನಮ್ಮ ಚಿಕ್ಕವ್ವ, ಬಂದಿದ್ದಳು. ಅದಕ್ಕಿಂತ ಹೆಚ್ಚಾಗಿ, ರಾಯದುರ್ಗದಿಂದ ಶಾರದಮ್ಮ ಬಂದಿದ್ದರು. ಅವರ ಮಗನಿಗೆ ನನ್ನ ಮಗಳು ವೀಣಾಳನ್ನು ಕೊಡುವ ಮಾತು ನಡೆದಿತ್ತು. ಮಾತು ಮುಕ್ಕಾಲು ಮುಗಿದು ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ. ಹಾಗಾಗಿ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು, ನಮ್ಮ ಮನೆಯಲ್ಲಿ ಯಾರಿಗೂ ನೆಗಡಿ ಕೂಡ ಬಂದಿಲ್ಲ ಎನ್ನುವಂತೆ ಮುಖ ಮಾಡಿಕೊಂಡು ಕೂತಿದ್ದೆವು.

ಆಗ ಸುಲೋಚನಾ ಡಾಕ್ಟರು ಒಳಗೆ ಬಂದರು. ಆಪರೇಶನ್ನಿನ ಹಿಂದಿನ ದಿನ ಬಂದು ಮಾತಾಡಿಸುವುದು ಅವರ ಪದ್ಧತಿ. ಅವ್ವನ ನಾಲಿಗೆ, ಹಲ್ಲು, ಕುತ್ತಿಗೆ ನೋಡಿದರು. ಆಮೇಲೆ ಕೇಳಿದರು: “ಅಮ್ಮಾ, ನಿಮ್ಮ ಮನೆತನದಾಗೆ ಯಾರಿಗಾದ್ರೂ ಮತ್ತು ಕೊಟ್ಟಾಗ ತೊಂದ್ರೆ ಆಗಿತ್ತಾ?”

ಅವ್ವ ನೋವಿನಲ್ಲೂ ಶಾರದಮ್ಮನ ಕಡೆ ಒಮ್ಮೆ ನೋಡಿದಳು. “ಇಲ್ಲ ತಾಯಿ. ನಮ್ಮೋರೆಲ್ಲ ಗಟ್ಟಿಮುಟ್ಟಾಗೇ ಅದಾರೆ.”

“ಏನೂ ಇಲ್ವಾ?”

“ಏನಂದ್ರೆ ಏನೂ ಇಲ್ಲ.”

ಡಾಕ್ಟರು ಅವ್ವನನ್ನು ನೋಡಿದರು, ಶಾರದಮ್ಮನನ್ನು ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಕೇಳಿದ್ದಾಯಿತು ಎಂದು ಎದ್ದು ಹೋಗುತ್ತಿದ್ದರು. ಇವರು ಮಂಚದ ತುದಿಯಲ್ಲಿ ಆರಾಮಾಗಿ ಕೂತು, “ಒಂದು ಬನ್ನು ಕೊಡ್ರಿ, ಹಸಿವಾಗೈತೆ” ಎಂದರು. ತಿನ್ನುತ್ತ ತಿನ್ನುತ್ತ ಲೋಕಾಭಿರಾಮವಾಗಿ ಶುರು ಮಾಡಿದರು.

“ನಮ್ಮಜ್ಜಿ ಒಂದ್ಸಲ ಸತ್ತೋಗಿದ್ಲು ನೋಡ್ರಿ. ಬಾಯಿಗೆ ನೀರು ಬಿಟ್ಟು, ಎಲ್ಲಾರೂ ಅತ್ತು, ಚಟ್ಟ ಕಟ್ಟೋಕೆ ಬಿದಿರು ತರೋಕೆ ಹೋಗಿದ್ರು. ಅಷ್ಟೊತ್ತಿಗೆ ಎದ್ದು ಕುಂತು ಕಾಫಿ ಕೇಳಿದ್ಲು!”

“ಅಯ್ಯೋ ಶಿವನೇ!” ಎಂದರು ಎಲ್ಲರೂ.

“ಅಂಥೋರು ಎಲ್ಲಾ ಮನೇಲಿ ಹುಟ್ಟಲ್ಲ ಬಿಡ್ರಿ. ದೇವರ ಕಣ್ಣು ಇರೋ ಮನೆತನದಾಗೆ ಮಾತ್ರ.”

ಇದನ್ನು ಚಿಕ್ಕವ್ವ ಹೇಗೆ ಸಹಿಸಿಯಾಳು? “ಯಾಕಿಲ್ಲ ಯಮ್ಮಾ?” ಎಂದು ಮುಂದೆ ಸರಿದಳು. “ನಾನೇ ಇಲ್ವಾ! ಗರ್ಭಕೋಶದ ಆಪರೇಶನ್ ಆದಾಗ ಬೆಳಿಗ್ಗೆ ಒಳಕ್ಕೆ ಕರ್ಕೊಂಡೋದ್ರು. ಮಧ್ಯಾಹ್ನ ಆದ್ರೂ ಉಸಿರಿಲ್ಲ, ಮಿಸುಕಾಟ ಇಲ್ಲ. ಡಾಕ್ಟ್ರೇ ಕೈ ಚೆಲ್ಲಿದ್ರಂತೆ. ನಮ್ಮ ಮಾವ ಆಸ್ಪತ್ರೆ ಬಾಗಿಲಾಗೇ ನಿಂತು ಮನೆದೇವ್ರಿಗೆ ಹರಕೆ ಹೊತ್ತ. ದೀಪ ಹಚ್ಚೋ ಹೊತ್ತಿಗೆ ಕಣ್ ಬಿಟ್ಟೆ ನೋಡು! ವರ್ಷಾ ವರ್ಷಾ ಅವತ್ತಿನ ದಿನ ಊರಿಗೆಲ್ಲ ಊಟ ಹಾಕ್ತೀವಿ.”

ಈ ಕತೆ ನಾನು ಎಷ್ಟೋ ವರ್ಷದಿಂದ ಕೇಳಿದ್ದೆ. ಹರಕೆಯ ಊಟವನ್ನೂ ಎಷ್ಟೋ ಸಲ ಉಂಡಿದ್ದೆ. ಅದು ದೇವರ ಮಹಿಮೆಯ ಲೆಕ್ಕಕ್ಕೆ ಸೇರಿತ್ತೇ ಹೊರತು ರೋಗದ ಲೆಕ್ಕಕ್ಕೆ ಸೇರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವ್ವನಿಗೂ ಹೊಳೆದಿರಲಿಲ್ಲ.

ಡಾಕ್ಟರು ಬನ್ನು ಕೆಳಗಿಟ್ಟರು. ಮುಖದಲ್ಲಿ ಈಗ ನಗು ಇರಲಿಲ್ಲ. “ನೀವು ಇವರ ಸ್ವಂತ ತಂಗಿನಾ?”

“ಒಡಹುಟ್ಟಿದೋಳು. ನಮ್ಮಪ್ಪ ಮದುವೆ ಆಗಿದ್ದೂ ಸ್ವಂತ ಅಕ್ಕನ ಮಗಳನ್ನೇ. ನಮ್ಮಲ್ಲಿ ಹೊರಗಿನ ಹೆಣ್ಣು ತರಲ್ಲ.”

“ಅವತ್ತು ಕಣ್ಣು ಬಿಡೋಕೆ ಮುಂಚೆ ನಿಮಗೆ ಕಿವಿ ಕೇಳಿಸ್ತಿತ್ತಾ?”

ಊರಿಗೇ ದೊಡ್ಡ ಬಾಯಿ ಎನಿಸಿಕೊಂಡ ಹೆಂಗಸು ತಲೆ ತಗ್ಗಿಸಿ ಸೆರಗಿನ ಅಂಚು ಸುರುಳಿ ಸುತ್ತತೊಡಗಿದಳು.

“ಕೇಳಿಸ್ತಿತ್ತು. ಎಲ್ಲಾ ಕೇಳಿಸ್ತಿತ್ತು. ಕೈ ಎತ್ತಬೇಕು ಅಂತೀನಿ, ಆಗ್ತಿಲ್ಲ. ಕಣ್ ರೆಪ್ಪೆ ಕೂಡ ಎತ್ತೋಕೆ ಆಗ್ತಿಲ್ಲ. ನಾನು ಸತ್ತೆ, ಸತ್ತೋರಿಗೆ ಹಿಂಗೇ ಕೇಳಿಸ್ತೈತೆ ಅನ್ಕೊಂಡೆ. ಯಾರೋ ಒಬ್ಬ ಹುಡುಗಿ ತಲೆ ಹತ್ರ ಕುಂತು ಉಸಿರು ತುಂಬೋ ಚೀಲ ಬುಸ್ ಬುಸ್ ಅಂತ ಹಿಸುಕ್ತಾ, ‘ಅಕ್ಕಾ ಹೆದರ್ಬೇಡ, ನಾನಿದೀನಿ’ ಅಂತಿದ್ಲು. ಸಂಜೆವರೆಗೂ ಅಂತಿದ್ಲು. ಇದನ್ನ ನಾನು ಯಾರಿಗೂ ಹೇಳಿಲ್ಲ ಯಮ್ಮಾ. ದೇವ್ರು ಉಳಿಸಿದ ಅಂತ ಎಲ್ಲಾರೂ ಸಂಭ್ರಮದಾಗಿದ್ರು.”

ಡಾಕ್ಟರು ಎದ್ದು ಹೋಗಿ ಅವಳ ಭುಜ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನಿಮ್ಮ ರಕ್ತದಾಗೆ ಒಂದು ಕೊರತೆ ಹರಿದು ಬಂದೈತೆ ಸಾಹುಕಾರ್ರೇ. ಮತ್ತಿನ ಜೊತೆ ಮೈಯೆಲ್ಲ ಸಡಿಲ ಮಾಡೋಕೆ ಒಂದು ಔಷಧಿ ಕೊಡ್ತೀವಿ, ಅದಕ್ಕೆ ಉಸಿರೂ ಸ್ವಲ್ಪ ಹೊತ್ತು ನಿಲ್ತೈತೆ. ಇವರಿಗೆ ಆಗಿದ್ದು ಅದರಿಂದಾನೇ. ನಾಳೆ ನಿಮ್ಮವ್ವಂಗೂ ಅದನ್ನೇ ಕೊಡೋಳಿದ್ದೆ ನಾನು.”

ಅಷ್ಟರಲ್ಲೇ ಶಾರದಮ್ಮ ಎದ್ದರು. ಮುಖ ಬಿಳಿಚಿಕೊಂಡಿತ್ತು. ಚೀಲ ತೆಗೆದುಕೊಂಡು, “ನನಗೆ ಬಸ್ಸಿಗೆ ಹೊತ್ತಾಯ್ತು” ಎಂದು ಯಾರ ಮುಖವನ್ನೂ ನೋಡದೆ ಹೊರಟೇಬಿಟ್ಟರು. ವೀಣಾ ಬಾಗಿಲಲ್ಲಿ ಎಳನೀರು ಹಿಡಿದು ನಿಂತಿದ್ದಳು. ಅವಳನ್ನೂ ದಾಟಿಕೊಂಡು ಹೋದರು.

ಮದುವೆ ಮುರಿಯಿತು ಎಂದುಕೊಂಡೆವು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಎಲ್ಲರ ಮುಖದಲ್ಲೂ ಅದೇ ಇತ್ತು. ಸಿಟ್ಟು ನೆತ್ತಿಗೇರಿ ಡಾಕ್ಟರ ಹಿಂದೆಯೇ ವರಾಂಡಕ್ಕೆ ಹೋದೆ. ಚಿಕ್ಕವ್ವನೂ ನನ್ನ ಹಿಂದೆಯೇ ಬಂದಳು.

“ಏನ್ರೀ ಮೇಡಂ, ನಾಲ್ಕು ಜನರ ಮುಂದೆ ನಮ್ಮ ಮನೆ ಮರ್ಯಾದೆ ಹರಾಜು ಹಾಕಿಬಿಟ್ರಲ್ಲ! ನನ್ನೊಬ್ಬನನ್ನೇ ಕರೆದು ಹೇಳಿದ್ರೆ ಆಗ್ತಿರ್ಲಿಲ್ವಾ? ರಕ್ತದಾಗೆ ಕೊರತೆಯಂತೆ! ಒಂದು ದಿನ ಜ್ವರ ಅಂತ ಮಲಗಿದೋಳಲ್ಲ ನಮ್ಮವ್ವ!”

“ಮಲಗೋದೂ ಇಲ್ಲ. ಆ ಕೊರತೆ ಇದ್ರೂ ನೂರು ವರ್ಷ ಬಾಳಬಹುದು. ಆ ಒಂದು ಔಷಧಿ ಮೈಗೆ ಸೇರಿದಾಗ ಮಾತ್ರ ಅದು ಗೊತ್ತಾಗೋದು” ಎಂದರು. ನನ್ನ ಕೂಗಾಟಕ್ಕೆ ಅವರೇನೂ ಜಗ್ಗಲಿಲ್ಲ. ಚಿಕ್ಕವ್ವನ ಸೊಂಟದ ಹತ್ತಿರ ಉಬ್ಬಿಕೊಂಡದ್ದನ್ನು ನೋಡಿ, “ಏನಮ್ಮಾ ಅದು ಉಡಿಯಾಗೆ?” ಎಂದು ಕೇಳಿದರು.

“ಹುರಿದ ಶೇಂಗಾ. ಬೇಕಾ?” ಚಿಕ್ಕವ್ವ ಒಂದು ಹಿಡಿ ತೆಗೆದುಕೊಟ್ಟಳು.

“ಈ ಸೀರೆ ಅಂಗಡೀಲಿ ತಗೊಂಡಾಗ ಉಡಿ ಇತ್ತಾ?”

ಚಿಕ್ಕವ್ವ ನಕ್ಕಳು. “ಅಂಗಡೀಲಿ ಎಲ್ಲಿಂದ ಬರ್ತೈತೆ ಉಡಿ? ಉಟ್ಕೊಂಡು, ಮಡಚಿ, ಸೊಂಟಕ್ಕೆ ಸಿಕ್ಕಿಸಿದ್ರೆ ಉಡಿ. ಬಿಚ್ಚಿ ಹಾಸಿದ್ರೆ ಬರೀ ಬಟ್ಟೆ.”

“ಅಷ್ಟೇ ಕಣ್ರೀ!” ಎಂದು ಡಾಕ್ಟರು ನನ್ನ ಕಡೆ ಬೆರಳು ಮಾಡಿದರು. “ನಿಮ್ಮ ರಕ್ತದಾಗೆ ಕೊರತೆ ಇರೋ ಎಂಜೈಮ್ ಅಂದ್ರೂ ಅಷ್ಟೇ. ನೀವು ಸ್ಕೂಲಲ್ಲಿ ಕಿಣ್ವ ಅಂತ ಓದಿರ್ತೀರಿ. ಅದೊಂದು ಉದ್ದನೆ ಸರ. ಐನೂರಕ್ಕೂ ಮಿಕ್ಕಿ ಮಣಿ ಪೋಣಿಸಿರೋ ಸರ. ನೆಟ್ಟಗಿದ್ರೆ ಅದು ಯಾವ ಕೆಲಸಕ್ಕೂ ಬರಲ್ಲ. ತಾನಾಗೇ ಸುತ್ಕೊಂಡು, ಮಡಚ್ಕೊಂಡು, ಒಳಗೊಂದು ಉಡಿ ಕಟ್ಕೊಳ್ತೈತೆ. ಕೆಲಸ ನಡೆಯೋದೆಲ್ಲ ಆ ಉಡಿಯಾಗೆ. ನಾನು ಕೊಡೋ ಔಷಧಿ ಹೋಗಿ ಅದರೊಳಗೆ ಬೀಳ್ತೈತೆ, ಅಲ್ಲೇ ತುಂಡಾಗ್ತೈತೆ. ಹಂಗಾಗಿ ನಾಲ್ಕೈದು ನಿಮಿಷದಾಗೆ ಅದರ ಆಟ ಮುಗಿದು ಉಸಿರು ವಾಪಸ್ ಬರ್ತೈತೆ.”

“ನಮಗ್ಯಾಕೆ ಬರಲ್ಲ?”

“ನಿಮ್ಮೋರ ಸರದಾಗೆ ಒಂದು ಮಣಿ ಬೇರೆ. ಅದು ಮೊಂಡು ಮಣಿ, ಬಾಗಬೇಕಾದ ಕಡೆ ಬಾಗಲ್ಲ. ಮಡಿಕೆ ತಪ್ಪುತ್ತೆ, ಉಡಿ ನಿಲ್ಲಲ್ಲ. ಔಷಧಿ ಹೋಗಿ ಬೀಳೋಕೆ ಜಾಗಾನೇ ಇಲ್ಲ. ಅದು ತಿರುಗ್ತಾನೇ ಇರ್ತೈತೆ, ಗಂಟೆಗಟ್ಟಲೆ. ಅಲ್ಲೀವರೆಗೆ ಮೈಯಾಗಿನ ಒಂದು ಸ್ನಾಯೂ ಅಲ್ಲಾಡಲ್ಲ. ಉಸಿರಾಡಿಸೋ ಸ್ನಾಯೂ ಅಲ್ಲಾಡಲ್ಲ.”

“ಅಷ್ಟು ದೊಡ್ಡ ಸರದಲ್ಲಿ ಒಂದೇ ಮಣಿಗೆ ಇಷ್ಟು ಫಜೀತಿನಾ?”

ಅವರು ಸೆರಗನ್ನು ನನ್ನ ಮುಂದೆ ಹಿಡಿದರು. ಅವತ್ತೂ ಅದೇ ಗಿಳಿ ಸೀರೆ. ಕೊಕ್ಕಿಲ್ಲದ ಗಿಳಿಗಳನ್ನು ಇನ್ನೊಮ್ಮೆ ನೋಡಿದೆ.

ಚಿಕ್ಕವ್ವ ನಡುವೆ ಬಂದಳು. “ಹಂಗಾದ್ರೆ ನನ್ನ ಉಳಿಸಿದ್ದು ದೇವ್ರಲ್ವಾ?” ಎಂದು ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

“ಅದೇನೋ ನನಗೆ ಗೊತ್ತಿಲ್ಲ ತಾಯಿ. ಬೆಳಿಗ್ಗೆಯಿಂದ ಸಂಜೆವರೆಗೂ ಚೀಲ ಹಿಸುಕಿದ್ರೆ ಕೈ ಎಷ್ಟು ನೋಯ್ತೈತೆ ಅಂತ ಮಾತ್ರ ಗೊತ್ತೈತೆ. ನಿಮ್ಮ ಹರಕೆ ಊಟದಾಗೆ ಆ ಹುಡುಗಿ ಹೆಸರಲ್ಲಿ ಒಂದು ಎಲೆ ಹಾಕ್ರಿ.” ಬಸ್ಸಿಗೆ ಹೊರಡುತ್ತ ನನ್ನ ಕಿವಿಯ ಹತ್ತಿರ ಬಂದು, “ಆಮೇಲೆ, ನಮ್ಮಜ್ಜಿ ಒಂದೇ ಸಲ ಸತ್ತಿದ್ದು. ಅದೂ ಪೂರ್ತಿ” ಎಂದರು. ಅಂಥ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ರೋಗ ಕೇಳಿದರೆ ಮುಚ್ಚಿಡುವ ಜನ ಪವಾಡ ಕೇಳಿದರೆ ತಾವೇ ಮುಂದೆ ಬಂದು ಹೇಳುತ್ತಾರೆ ಎನ್ನುವುದು ಅವರಿಗೆ ಗೊತ್ತಿತ್ತು. ಎಷ್ಟು ಮಂಚಗಳ ಮೇಲೆ ಕೂತು ಎಷ್ಟು ಸಲ ಆ ಅಜ್ಜಿಯನ್ನು ಎಬ್ಬಿಸಿ ಕಾಫಿ ಕುಡಿಸಿದ್ದರೋ!

ಮರುದಿನ ಬೆಳಿಗ್ಗೆ ಅವ್ವನನ್ನು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಬೇರೆ ಔಷಧಿ ತಂದಿದ್ದರು. ಅದಕ್ಕೆ ಆ ಉಡಿಯ ಹಂಗೇ ಇಲ್ಲವಂತೆ. ರಕ್ತದ ಪರೀಕ್ಷೆಯ ಉತ್ತರ ದಾವಣಗೆರೆಯಿಂದ ಬರಬೇಕಿತ್ತು. ಅದಕ್ಕೆ ಕಾಯುವ ಹಾಗಿರಲಿಲ್ಲ. “ಉತ್ತರ ಏನೇ ಬರ್ಲಿ, ಆ ಔಷಧಿ ಬಾಟ್ಲಿ ಇವತ್ತು ಈ ಕೋಣೆ ಒಳಗೇ ಬರಲ್ಲ” ಎಂದು ಬಾಗಿಲು ಹಾಕಿಕೊಂಡರು.

ನಾನು ವರಾಂಡದಲ್ಲಿ ಅತ್ತಿಂದಿತ್ತ ತಿರುಗಿದೆ. ಗಡಿಯಾರ ನೋಡಬಾರದೆಂದುಕೊಂಡರೂ ನೋಡಿದೆ. ಮದುವೆಯೂ ನೆನಪಿರಲಿಲ್ಲ, ಮರ್ಯಾದೆಯೂ ನೆನಪಿರಲಿಲ್ಲ. ಅವ್ವ ಕಣ್ಣು ಬಿಟ್ಟರೆ ಸಾಕಾಗಿತ್ತು. ಚಿಕ್ಕವ್ವ ಗೋಡೆಗೆ ಒರಗಿ ಕೂತು, ಒಳಗಿದ್ದ ಅಕ್ಕನಿಗೆ ಕೇಳುತ್ತದೆ ಎನ್ನುವ ಹಾಗೆ, “ಅಕ್ಕಾ ಹೆದರ್ಬೇಡ, ಹೆದರ್ಬೇಡ” ಎಂದು ಮಣಮಣ ಅನ್ನುತ್ತಿದ್ದಳು. ಅದನ್ನು ಕೇಳಿ ನನಗೆ ಅಳುವೇ ಬಂದುಬಿಟ್ಟಿತು.

ಬಾಗಿಲು ತೆರೆಯಿತು. ಡಾಕ್ಟರು ಮಾಸ್ಕು ಕೆಳಗೆ ಎಳೆದುಕೊಂಡು, “ಬರ್ರಿ ಸಾಹುಕಾರ್ರೇ, ನಿಮ್ಮವ್ವ ಬೈತಾ ಅದಾರೆ” ಎಂದರು. ಓಡಿದೆ. ಅವ್ವ ಕಣ್ಣು ಅರ್ಧ ತೆರೆದು, ಒಣಗಿದ ಬಾಯಲ್ಲಿ, “ಇಷ್ಟೊತ್ತು ಎಲ್ಲಿ ಹಾಳಾಗಿ ಹೋಗಿದ್ಯೋ? ನೀರು ಕೊಡು” ಎಂದಳು. ನನ್ನ ಜೀವಮಾನದಲ್ಲಿ ಅಷ್ಟು ಇಂಪಾದ ಬೈಗುಳ ಕೇಳಿಲ್ಲ. ಹೋದ ಜೀವ ಬಂದಂತಾಯಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ.

ಹಾಗೆ ಕೂತಿರುವಾಗಲೇ ಶಾರದಮ್ಮ ಮೆಟ್ಟಿಲು ಹತ್ತಿ ಬರುವುದು ಕಾಣಿಸಿತು. ಸಂಬಂಧ ಬೇಡವೆಂದು ಹೇಳಲಿಕ್ಕೆ ಖುದ್ದಾಗಿ ಬಂದಿದ್ದಾರೆ ಎಂದುಕೊಂಡೆ. ಅವರು ನನ್ನ ಹತ್ತಿರ ನಿಲ್ಲದೆ ನೇರವಾಗಿ ಡಾಕ್ಟರ ಬಳಿ ಹೋಗಿ ಕೈ ಹಿಡಿದುಕೊಂಡರು.

“ಅಮ್ಮಾ, ನಮ್ಮ ಯಜಮಾನ್ರಿಗೆ ಮುಂದಿನ ವಾರ ಬಳ್ಳಾರೀಲಿ ಕುತ್ತಿಗೆ ಗಂಟಿನ ಆಪರೇಶನ್ ಐತೆ. ಅವರ ತಮ್ಮ, ನನ್ನ ಮೈದುನ, ಕಾಲು ಮುರಿದು ಆಪರೇಶನ್ ಅಂತ ಒಳಕ್ಕೆ ಹೋದೋನು ಹೊರಗೆ ಬರ್ಲೇ ಇಲ್ಲ. ದೃಷ್ಟಿಯಾಗಿತ್ತು, ಹಣೇಲಿ ಬರ್ದಿತ್ತು ಅಂತ ಮಣ್ಣು ಮಾಡಿದ್ವಿ. ಹುಡುಗಿ ಮನೆಯೋರಿಗೆ ಹೇಳಬಾರ್ದು ಅಂತ ನಮ್ಮತ್ತೆ ಆಣೆ ಹಾಕ್ಸಿದ್ರು. ನಿನ್ನೆ ನೀವು ಹೇಳಿದ್ದು ಕೇಳಿ ನನಗೆ ಕೈಕಾಲು ಆಡ್ಲಿಲ್ಲ. ಊರಿಗೆ ಓಡಿಹೋಗಿ ಅವರನ್ನ ಕರ್ಕೊಂಡು ಬಂದೀನಿ.”

ನಾವು ಅವರಿಗೆ ಹೆದರಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರೆ, ಅವರು ನಮಗೆ ಹೆದರಿ ಸತ್ತ ಮೈದುನನ ಹೆಸರನ್ನೇ ಎತ್ತಿರಲಿಲ್ಲ! ಎಷ್ಟೋ ತಲೆಮಾರಿನ ಹಿಂದಿನ ಒಂದೇ ಬಳ್ಳಿ ಇರಬೇಕು, ಆ ಕಡೆ ಒಂದು ಕವಲು, ಈ ಕಡೆ ಒಂದು ಕವಲು.

“ಎಲ್ಲದಾರೆ ಅವರು?” ಎಂದು ಡಾಕ್ಟರು ಕೇಳಿದರು.

“ಕೆಳಗೆ ಆಟೋದಾಗೆ. ತಮ್ಮ ಹೋದಾಗಿಂದ ಆಸ್ಪತ್ರೆ ಮೆಟ್ಲು ಹತ್ತಲ್ಲ ಅಂತಾರೆ. ಕಣ್ಣು ಮುಚ್ಕೊಂಡು ಕುಂತಾರೆ.”

ಶಾರದಮ್ಮನ ಗಂಡ ವೆಂಕಟೇಶಪ್ಪ ಆಳು ಆರಡಿ, ಧ್ವನಿ ಗುಡುಗು. ರಾಯದುರ್ಗದಲ್ಲಿ ದೊಡ್ಡ ಬಟ್ಟೆ ಅಂಗಡಿ. ಅಂಥ ಮನುಷ್ಯನ ರಕ್ತವನ್ನು ನರ್ಸು ಆಟೋದಲ್ಲೇ ತೆಗೆದುಕೊಂಡಳು. ಆಪರೇಶನ್ನನ್ನು ಬಳ್ಳಾರಿಯಿಂದ ತಪ್ಪಿಸಿ ಚಳ್ಳಕೆರೆಗೇ ತಂದರು, ಸುಲೋಚನಾ ಡಾಕ್ಟರೇ ಮತ್ತು ಕೊಡಬೇಕೆಂದು. ಹಿಂದಿನ ದಿನ ಡಾಕ್ಟರು ಪರೀಕ್ಷೆ ಮಾಡುವಾಗಲೂ ಆತ ಕಣ್ಣು ಬಿಡಲಿಲ್ಲವಂತೆ. ಒಳಗೆ ಒಯ್ದು ಮಲಗಿಸುವವರೆಗೂ ಹೆಂಡತಿಯ ಕೈ ಹಿಡಿದು ಕುರುಡನಂತೆ ನಡೆದರು. ಅವರೂ ಎದ್ದರು. ಆದರೆ ಚೆನ್ನಾಗಿ ಎಚ್ಚರವಾಗುವ ಹೊತ್ತಿಗೆ ಡಾಕ್ಟರು ಮೆಣಸಿನಕಾಯಿ ತಿಂದು ಬಸ್ಸು ಹತ್ತಿಯಾಗಿತ್ತು.

ದಾವಣಗೆರೆಯಿಂದ ಎರಡೂ ಮನೆಯವರ ರಕ್ತದ ಉತ್ತರಗಳು ಬಂದವು. ಅವ್ವನಲ್ಲಿ, ಚಿಕ್ಕವ್ವನಲ್ಲಿ, ವೆಂಕಟೇಶಪ್ಪನಲ್ಲಿ ಆ ಎಂಜೈಮು ಹೆಸರಿಗೂ ಇರಲಿಲ್ಲ. ನನ್ನಲ್ಲಿ ಅರ್ಧ, ವೀಣಾಳಲ್ಲಿ ಅರ್ಧ, ಹುಡುಗನಲ್ಲಿಯೂ ಅರ್ಧ. ಈ ಮದುವೆ ಮಾಡಬಹುದೇ ಎಂದು ನಾನೂ ಶಾರದಮ್ಮನೂ ಒಟ್ಟಿಗೆ ಹೋಗಿ ಕೇಳಿದೆವು. “ಧಾರಾಳವಾಗಿ ಮಾಡ್ರಿ” ಎಂದರು. “ಹುಟ್ಟೋ ಮಕ್ಕಳಿಗೆ ಬಂದ್ರೂ ಬರಬಹುದು. ಬಂದ್ರೆ ಅವರು ಓಡ್ತಾರೆ, ಉಣ್ತಾರೆ, ಓದ್ತಾರೆ, ಏನೂ ಆಗಲ್ಲ. ಆ ಔಷಧಿ ಹೆಸರು ಒಂದು ಬಾಯಿಪಾಠ ಮಾಡಿಸ್ರಿ. ನೆಂಟಸ್ತನ ಕುದುರಿಸುವಾಗ ನಕ್ಷತ್ರ ಹೇಳ್ತೀರಲ್ಲ, ಹಂಗೇ ಇದನ್ನೂ ಹೇಳ್ರಿ.”

ಔಷಧಿಯ ಹೆಸರು ಸಕ್ಸಿನೈಲ್‌ಕೋಲಿನ್. ಅವ್ವನಿಗೆ ಅದನ್ನು ಕಲಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಕೊನೆಗೆ ಡಾಕ್ಟರೇ, “ಸಕ್ಸ ಅಂದ್ರೆ ಸಾಕು, ಡಾಕ್ಟ್ರುಗಳಿಗೆ ಅರ್ಥ ಆಗ್ತೈತೆ” ಎಂದು ಬಿಡುಗಡೆ ಕೊಟ್ಟರು. ಅಲ್ಲಿಂದ ಅವ್ವ ಯಾವ ಆಸ್ಪತ್ರೆಗೆ ಹೋದರೂ, ಬರೀ ಬಿ.ಪಿ. ನೋಡಿಸಲಿಕ್ಕೆ ಹೋದರೂ, ಬಾಗಿಲಲ್ಲೇ ನಿಂತು “ನನಗೆ ಸಕ್ಸ ಬ್ಯಾಡ” ಎಂದು ಘೋಷಿಸುತ್ತಾಳೆ. ಹಲ್ಲಿನ ಡಾಕ್ಟರೊಬ್ಬ ತಬ್ಬಿಬ್ಬಾಗಿ, “ನಾನು ಬರೀ ಹಲ್ಲು ತೊಳೆಯೋನಮ್ಮಾ” ಎಂದಿದ್ದ. ಮದುವೆಯೂ ಆಯಿತು. ಅವತ್ತು ಡಾಕ್ಟರಿಗೆ ಎಲ್ಲಿಂದಲೋ ಅವಸರದ ಕರೆ ಬಂದು ಅವರು ಮಾತ್ರ ಬರಲಿಲ್ಲ. ವೆಂಕಟೇಶಪ್ಪ ಮಂಟಪದ ಬಾಗಿಲಲ್ಲಿ ಊಟದ ಹೊತ್ತು ಮೀರುವವರೆಗೂ ಕಾದರು.

ಹೋದ ವರ್ಷ ಸುಲೋಚನಾ ಡಾಕ್ಟರು ಕೆಲಸ ಬಿಟ್ಟರು. “ಬೆರಳು ಜೋಮು ಹಿಡೀತೈತೆ ಸಾಹುಕಾರ್ರೇ. ಒಂದು ದಿನ ಕೈ ತಪ್ಪೋಕೆ ಮುಂಚೆ ನಾನೇ ಬಿಡೋದು ಒಳ್ಳೇದು” ಎಂದು ಫೋನಿನಲ್ಲಿ ಹೇಳಿದರು. ಹಿಂದೂಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದರು. ಈಗ ಅಲ್ಲೇ ಇದ್ದಾರೆ. ಹೊರಡುವ ಮುಂಚೆ ನೋಡಿ ಬರೋಣವೆಂದು ಅವ್ವ, ನಾನು, ಶಾರದಮ್ಮ, ವೆಂಕಟೇಶಪ್ಪ ಮೊಳಕಾಲ್ಮೂರಿಗೆ ಹೋದೆವು. ನಾನು ಅವರನ್ನು ಕೊನೆಯ ಸಲ ಕಂಡದ್ದು ಅವತ್ತು.

ಪಡಸಾಲೆಯಲ್ಲಿ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿಕೊಂಡು ಕೂತಿದ್ದರು. ವೆಂಕಟೇಶಪ್ಪ ಎಲ್ಲರಿಗಿಂತ ಮುಂದೆ ನುಗ್ಗಿ ಅವರನ್ನೇ ಕೇಳಿದರು: “ಡಾಕ್ಟರಮ್ಮ ಒಳಗದಾರಾ?”

“ನಾನೇ ರೀ.”

“ನೀವಾ?” ಅನುಮಾನದಿಂದ ನೋಡಿದರು. ನಾವು ಬಿದ್ದು ಬಿದ್ದು ನಕ್ಕೆವು. ಆತನಿಗೆ ನಾಚಿಕೆಯಾಯಿತು, ಬೇಸರವೂ ಆಯಿತು. “ನಗಬ್ಯಾಡ್ರಿ. ನಾನು ಡಾಕ್ಟರಮ್ಮನ್ನ ನೋಡೀನಿ. ಮಲಗಿಸಿದ ಮೇಲೆ ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿದೆ. ಆ ಮುಖ ನನ್ನ ಕಣ್ಣಾಗೇ ಐತೆ. ಅದು ಈ ಮುಖ ಅಲ್ಲ.”

ಡಾಕ್ಟರು ಮಾತ್ರ ನಗಲಿಲ್ಲ. “ನಿಮ್ಮ ತಪ್ಪಿಲ್ಲ. ನಾನು ನಿಲ್ಲೋದು ರೋಗಿ ತಲೆ ಹಿಂದೆ. ನನ್ನನ್ನ ಎಲ್ಲಾರೂ ನೋಡೋದು ತಲೆಕೆಳಗಾಗೇ” ಎಂದು ಎದ್ದು ಚಾಪೆ ತೋರಿಸಿದರು. “ಮಲಗ್ರಿ ಇಲ್ಲಿ.”

ವೆಂಕಟೇಶಪ್ಪ ನನ್ನ ಮುಖ ನೋಡಿದರು. ಆಮೇಲೆ ಬಿಳಿ ಪಂಚೆ ಸರಿಮಾಡಿಕೊಂಡು, ಆರಡಿ ಆಳು, ಆ ಪೆಟ್ಟಿಗೆಗಳ ನಡುವೆ ಅಂಗಾತ ಮಲಗಿದರು. ಡಾಕ್ಟರು ತಲೆಯ ಹಿಂದೆ ಹೋಗಿ ಮಂಡಿಯೂರಿ, ಸೆರಗಿನಿಂದ ಬಾಯಿ ಮೂಗು ಮುಚ್ಚಿಕೊಂಡು ಆತನ ಮುಖದ ಮೇಲೆ ಬಾಗಿದರು.

“ಈಗ?”

ವೆಂಕಟೇಶಪ್ಪ ಎವೆಯಿಕ್ಕದೆ ನೋಡಿದರು. ನಮ್ಮ ನಗು ಎಲ್ಲಿ ನಿಂತಿತೋ ತಿಳಿಯಲಿಲ್ಲ.

“ಅವುನಮ್ಮಾ... ಮೀರೇ ತಲ್ಲಿ. ನೀವೇ ತಾಯಿ.” ಗುಡುಗಿನಂಥ ದನಿ ಒಡೆದು, ಮಾತು ತೆಲುಗಿಗೆ ಜಾರಿತ್ತು. ಮಲಗಿದ್ದರಿಂದ ಕಣ್ಣೀರು ಎರಡೂ ಕಡೆ ಕಿವಿಗೆ ಇಳಿಯುತ್ತಿತ್ತು. “ಇದೇ ಕಣ್ಣು. ನನ್ನ ತಮ್ಮ ಕೊನೇಗೆ ನೋಡಿದ್ದೂ ಹಿಂಗೇ ಯಾವುದೋ ಮುಖ ಇರಬೇಕು, ನಾನು ನೋಡೋ ಕೊನೇ ಮುಖಾನೂ ಇದೇ ಅಂತ ಅವತ್ತು ಅನ್ಕೊಂಡಿದ್ದೆ.”

“ಮತ್ತೆ ನೋಡಿದ್ರಲ್ಲ” ಎಂದರು ಡಾಕ್ಟರು. ಸೆರಗು ಬಾಯಿಂದ ಜಾರಿತ್ತು. “ಏಳ್ರಿ ಇನ್ನ, ನೆಲ ತಣ್ಣಗೈತೆ.”

“ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ತಲ್ಲಿ.”

ಡಾಕ್ಟರು ಆತನ ಹಣೆಯ ಮೇಲೆ ಕೈಯಿಟ್ಟು ಹಾಗೆಯೇ ಕೂತರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಳ್ಳಕೆರೆಯ ಬಸ್ಸು ಹೊರಡುವ ಹೊತ್ತಾಗಿತ್ತು. ನಾವ್ಯಾರೂ ಅವರನ್ನು ಎಬ್ಬಿಸಲಿಲ್ಲ.